ಸೈನಸ್ ತೊಂದರೆ ಇರುವವರ ನಿದ್ರೆ ಏಕೆ ಕೆಡುತ್ತದೆ?

ಪ್ರಶ್ನೆ: ನನಗೆ 44 ವರ್ಷ, ಹಾಸನದಲ್ಲಿ ಪ್ರೌಢಶಾಲಾ ಶಿಕ್ಷಕನಾಗಿದ್ದೇನೆ. ಐದಾರು ವರ್ಷಗಳಿಂದ ಸೈನಸ್ ತೊಂದರೆ ಇದೆ. ಮೂಗು ಕಟ್ಟುತ್ತದೆ, ಗಂಟಲಿಗೆ ಕಫ ಇಳಿಯುತ್ತಲೇ ಇರುತ್ತದೆ, ವಾಸನೆ ಅಷ್ಟಾಗಿ ತಿಳಿಯುವುದಿಲ್ಲ. ರಾತ್ರಿ ಎರಡು ಮೂರು ಸಲ ಎಚ್ಚರವಾಗುತ್ತದೆ. ಬೆಳಗ್ಗೆ ಏಳುವಾಗ ಬಾಯಿ ಒಣಗಿ ತಲೆ ಭಾರವಾಗಿರುತ್ತದೆ, ಮಧ್ಯಾಹ್ನ ತೂಕಡಿಕೆ ಬರುತ್ತದೆ. ಗೊರಕೆ ಹೆಚ್ಚಾಗಿದೆ ಎಂದು ಮನೆಯವರು ಹೇಳುತ್ತಾರೆ. ಒಂದು ವರ್ಷದಿಂದ ಮೂಗಿಗೆ ಡ್ರಾಪ್ಸ್ ಹಾಕಿಕೊಳ್ಳದೆ ಮಲಗಲು ಆಗುತ್ತಿಲ್ಲ. ಆದರೆ ಸಿ.ಟಿ. ಸ್ಕ್ಯಾನ್ ವರದಿಯಲ್ಲಿ ತೊಂದರೆ ಅಲ್ಪ ಎಂದು ಬರೆದಿದ್ದಾರೆ. ಹಾಗಾದರೆ ನಿದ್ರೆ ಕೆಡುತ್ತಿರುವುದು ಸೈನಸ್‌ನಿಂದಲೋ ಅಥವಾ ನನ್ನ ಮನಸ್ಸಿನಿಂದಲೋ? ಆಪರೇಷನ್ ಮಾಡಿಸಿದರೆ ನಿದ್ರೆ ಸರಿಹೋಗುತ್ತದೆಯೇ? ಅಲ್ಲಿಯವರೆಗೆ ನಿದ್ರೆ ಮಾತ್ರೆ ತೆಗೆದುಕೊಳ್ಳಬಹುದೇ?

ಉತ್ತರ: ಸ್ಕ್ಯಾನ್‌ನಲ್ಲಿ ತೊಂದರೆ ಅಲ್ಪವಾಗಿ ಕಾಣುವುದಕ್ಕೂ ನಿದ್ರೆ ಬಹಳವಾಗಿ ಕೆಟ್ಟಿರುವುದಕ್ಕೂ ಯಾವ ವಿರೋಧವೂ ಇಲ್ಲ. ದೀರ್ಘಕಾಲದ ಸೈನಸ್ ತೊಂದರೆ ಇರುವವರಲ್ಲಿ ಇವೆರಡೂ ಒಟ್ಟಿಗೆ ಇರುವುದು ಸಾಮಾನ್ಯ. ಈ ರೋಗಿಗಳ ನಿದ್ರೆಯನ್ನು ಅಳೆದ ಅಮೆರಿಕದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಪಿಟ್ಸ್‌ಬರ್ಗ್ ನಿದ್ರಾ ಗುಣಮಟ್ಟ ಸೂಚಿ ಎಂಬ ಪ್ರಶ್ನಾವಳಿಯನ್ನು ಅದರಲ್ಲಿ ಬಳಸಲಾಗಿತ್ತು. ಇದರ ಅಂಕಗಳು 0ಯಿಂದ 21ರವರೆಗೆ ಇರುತ್ತವೆ, 5ಕ್ಕಿಂತ ಹೆಚ್ಚು ಬಂದರೆ ನಿದ್ರೆ ಚೆನ್ನಾಗಿಲ್ಲ ಎಂದರ್ಥ. ಭಾಗವಹಿಸಿದವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಆ ಗೆರೆಯನ್ನು ದಾಟಿದ್ದರು. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ನಿದ್ರೆ ಎಷ್ಟು ಕೆಟ್ಟಿದೆ ಎಂಬುದಕ್ಕೂ ಸ್ಕ್ಯಾನ್ ಮತ್ತು ಎಂಡೋಸ್ಕೋಪಿಯಲ್ಲಿ (ಮೂಗಿನೊಳಗೆ ತೆಳುವಾದ ದರ್ಶಕ ಕೊಳವೆ ಹಾಕಿ ನೋಡುವ ಪರೀಕ್ಷೆ) ರೋಗ ಎಷ್ಟು ಕಾಣುತ್ತದೆ ಎಂಬುದಕ್ಕೂ ಅಲ್ಲಿ ಸಂಬಂಧ ಕಂಡುಬರಲಿಲ್ಲ. ರೋಗಿ ಹೇಳಿಕೊಂಡ ತೊಂದರೆಗಳು, ಖಿನ್ನತೆ ಮತ್ತು ಧೂಮಪಾನದೊಂದಿಗೆ ಸಂಬಂಧ ಕಂಡುಬಂತು. ಆದ್ದರಿಂದ ವರದಿಯ ಒಂದು ಪದವನ್ನು ಹಿಡಿದುಕೊಂಡು ನಿಮ್ಮ ನಿದ್ರಾಹೀನತೆಯನ್ನು ಮನಸ್ಸಿನ ಕಲ್ಪನೆ ಎಂದುಕೊಳ್ಳಬೇಕಾಗಿಲ್ಲ. ಹಾಗೆಂದು ಎಲ್ಲವನ್ನೂ ಸೈನಸ್‌ನ ತಲೆಗೆ ಕಟ್ಟುವುದೂ ಸರಿಯಲ್ಲ, ಏಕೆಂದರೆ ನೀವು ಬರೆದಿರುವುದರಲ್ಲಿ ಪ್ರತ್ಯೇಕವಾಗಿ ನೋಡಬೇಕಾದ ಇನ್ನೆರಡು ವಿಷಯಗಳಿವೆ: ನಿತ್ಯ ಹಾಕಿಕೊಳ್ಳುವ ಡ್ರಾಪ್ಸ್ ಮತ್ತು ಹೆಚ್ಚಾಗಿರುವ ಗೊರಕೆ.

ಮೊದಲು ರೋಗವನ್ನು ಖಚಿತಪಡಿಸಿಕೊಳ್ಳೋಣ. ಮೂಗಿನ ಸುತ್ತ, ಕೆನ್ನೆ, ಹಣೆ, ಎರಡು ಕಣ್ಣುಗಳ ನಡುವೆ ಮತ್ತು ತಲೆಬುರುಡೆಯ ತಳದಲ್ಲಿ, ನಾಲ್ಕು ಜೋಡಿ ಗಾಳಿಗೂಡುಗಳಿವೆ, ಇವೇ ಸೈನಸ್‌ಗಳು. ಇವುಗಳ ಒಳಪೊರೆಯಲ್ಲಿ ಉತ್ಪತ್ತಿಯಾಗುವ ಲೋಳೆಯನ್ನು ಅದೇ ಪೊರೆಯ ಸೂಕ್ಷ್ಮ ರೋಮಗಳು ಕಿರಿದಾದ ದ್ವಾರಗಳ ಮೂಲಕ ಮೂಗಿಗೆ ತಳ್ಳುತ್ತಿರುತ್ತವೆ. ಪೊರೆ ಉರಿಯೂತದಿಂದ ಊದಿಕೊಂಡರೆ ದ್ವಾರ ಮುಚ್ಚುತ್ತದೆ, ಲೋಳೆ ಒಳಗೇ ನಿಲ್ಲುತ್ತದೆ. ಮೂಗು ಕಟ್ಟುವುದು ಅಥವಾ ಲೋಳೆ ಸುರಿಯುವುದು (ಮುಂದಕ್ಕಾಗಲಿ, ಹಿಂದೆ ಗಂಟಲಿಗಾಗಲಿ) ಇವುಗಳಲ್ಲಿ ಕನಿಷ್ಠ ಒಂದು, ಅದರ ಜೊತೆಗೆ ಮುಖದ ನೋವು ಇಲ್ಲವೆ ವಾಸನೆ ಕುಂದುವುದು, ಹೀಗೆ ಕನಿಷ್ಠ ಎರಡು ಲಕ್ಷಣಗಳು 12 ವಾರಗಳಿಗಿಂತ ಹೆಚ್ಚು ಕಾಲ ಇದ್ದು, ಎಂಡೋಸ್ಕೋಪಿಯಲ್ಲೋ ಸ್ಕ್ಯಾನ್‌ನಲ್ಲೋ ಅದಕ್ಕೆ ಪುರಾವೆ ಸಿಕ್ಕರೆ ಅದನ್ನು ದೀರ್ಘಕಾಲದ ಸೈನುಸೈಟಿಸ್ ಎನ್ನುತ್ತೇವೆ. ನಿಮ್ಮ ಲಕ್ಷಣಗಳು ಇದಕ್ಕೆ ಹೊಂದುತ್ತವೆ, ವಿಶೇಷವಾಗಿ ವಾಸನೆ ಕುಂದಿರುವುದು. ನಮ್ಮಲ್ಲಿ ಹಣೆ ನೋವು ಬಂದ ಕೂಡಲೇ ಸೈನಸ್ ಎಂದು ತೀರ್ಮಾನಿಸುವ ರೂಢಿ ಇರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ತಮಗೆ ಸೈನಸ್ ತಲೆನೋವು ಇದೆ ಎಂದು ನಂಬಿದ್ದ ಸುಮಾರು 3,000 ಜನರನ್ನು ಪರೀಕ್ಷಿಸಿ 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಶೇ. 88ರಷ್ಟು ಜನರ ನೋವು ಮೈಗ್ರೇನ್ ಬಗೆಯದ್ದೆಂದು ಕಂಡುಬಂತು. ನಿದ್ರೆಗೆಟ್ಟರೆ ಮೈಗ್ರೇನ್ ಕೆರಳುತ್ತದೆ. ಹೀಗಾಗಿ ಮೂಗಿನ ಲಕ್ಷಣಗಳೇ ಇಲ್ಲದೆ ಬರಿಯ ತಲೆನೋವು ಮತ್ತು ನಿದ್ರಾಹೀನತೆ ಇರುವವರು ಸೈನಸ್ ಚಿಕಿತ್ಸೆಯ ಹಿಂದೆ ವರ್ಷಗಟ್ಟಲೆ ಅಲೆದರೂ ಫಲ ಸಿಗುವುದಿಲ್ಲ.

ಈಗ ನಿದ್ರೆಯ ವಿಷಯಕ್ಕೆ ಬರೋಣ. ಹಗಲಿನಲ್ಲಿ ಹೇಗೋ ತಡೆದುಕೊಳ್ಳಬಹುದಾದ ಮೂಗು ರಾತ್ರಿ ಪೂರ್ತಿ ಕಟ್ಟಿಕೊಳ್ಳುವುದಕ್ಕೆ ಸರಳ ಕಾರಣವಿದೆ. ಮೂಗಿನ ಒಳಗೋಡೆಗಳ ಮೇಲಿರುವ ಮೆತ್ತನೆಯ ಮಡಿಕೆಗಳ ತುಂಬ ರಕ್ತನಾಳಗಳಿವೆ. ನಾವು ಅಡ್ಡಲಾದಾಗ ತಲೆಯ ಭಾಗದಿಂದ ರಕ್ತ ಕೆಳಗಿಳಿಯುವ ವೇಗ ತಗ್ಗಿ ಈ ಮಡಿಕೆಗಳು ಊದಿಕೊಳ್ಳುತ್ತವೆ. ಯಾವ ಮಗ್ಗುಲಿಗೆ ಮಲಗುತ್ತೇವೋ ಆ ಕಡೆಯ ಹೊಳ್ಳೆ ಇನ್ನಷ್ಟು ಕಟ್ಟುತ್ತದೆ. ಆರೋಗ್ಯವಂತರಲ್ಲಿಯೂ ಹೀಗೇ ಆಗುತ್ತದೆ, ಆದರೆ ಅವರ ಮೂಗಿನಲ್ಲಿ ಸಾಕಷ್ಟು ಜಾಗ ಉಳಿದಿರುವುದರಿಂದ ಅವರಿಗೆ ಅರಿವಾಗುವುದಿಲ್ಲ. ಪೊರೆ ಮೊದಲೇ ದಪ್ಪಗಾಗಿರುವವರಲ್ಲಿ ಈ ಸ್ವಲ್ಪ ಊತವೇ ದಾರಿಯನ್ನು ಮುಚ್ಚಲು ಸಾಕು. ಇದರ ಜೊತೆಗೆ, ಉರಿಯೂತವನ್ನು ಹಿಡಿತದಲ್ಲಿಡುವ ದೇಹದ ಸ್ವಂತ ಸ್ಟೀರಾಯ್ಡ್ ಆದ ಕಾರ್ಟಿಸೋಲ್ ನಡುರಾತ್ರಿಯ ಹೊತ್ತಿಗೆ ಕನಿಷ್ಠ ಮಟ್ಟಕ್ಕೆ ಇಳಿದಿರುತ್ತದೆ. ಹಗಲು ಹೊತ್ತಿನಲ್ಲಿ, ಕುಳಿತ ಭಂಗಿಯಲ್ಲಿ ಪರೀಕ್ಷಿಸಿದ ವೈದ್ಯರಿಗೆ ನಿಮ್ಮ ಮೂಗು ಪರವಾಗಿಲ್ಲ ಎನಿಸಿದ್ದರೆ ಅದರಲ್ಲಿ ಅವರ ತಪ್ಪೇನೂ ಇಲ್ಲ. ನಿಮ್ಮ ಮೂಗು ರಾತ್ರಿ ಮೂರು ಗಂಟೆಗೆ ಹೇಗಿರುತ್ತದೆ ಎಂಬುದು ಅವರಿಗೆ ಕಾಣುವುದಿಲ್ಲ.

ನಾವು ಎಳೆದುಕೊಳ್ಳುವ ಗಾಳಿಗೆ ಶ್ವಾಸಮಾರ್ಗದಲ್ಲಿ ಎದುರಾಗುವ ಒಟ್ಟು ಪ್ರತಿರೋಧದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಮೂಗಿನದೇ. ಅಲ್ಲಿ ದಾರಿ ಇನ್ನೂ ಕಿರಿದಾದರೆ ಎದೆ ಹೆಚ್ಚು ಬಲದಿಂದ ಗಾಳಿಯನ್ನು ಎಳೆಯಬೇಕಾಗುತ್ತದೆ, ಆ ಎಳೆತಕ್ಕೆ ಸಿಕ್ಕಿಕೊಳ್ಳುವುದು ಮೂಳೆಯ ಆಸರೆಯಿಲ್ಲದ ಗಂಟಲಿನ ಮೆತ್ತನೆಯ ಭಾಗ. ಎಳನೀರಿನೊಳಗೆ ಸ್ಟ್ರಾದ ತುದಿ ಗಂಜಿಗೆ ಸಿಕ್ಕಿಕೊಂಡಾಗ ಜೋರಾಗಿ ಹೀರಿದರೆ ಸ್ಟ್ರಾ ನಡುವೆ ಚಪ್ಪಟೆಯಾಗುತ್ತದಲ್ಲ, ಗಂಟಲಿನಲ್ಲಿ ಆಗುವುದೂ ಅದೇ. ಎಚ್ಚರವಿದ್ದಾಗ ಸ್ನಾಯುಗಳು ಬಿಗಿಯಾಗಿದ್ದು ಗಂಟಲನ್ನು ತೆರೆದಿಡುತ್ತವೆ, ನಿದ್ರೆಯಲ್ಲಿ ಅವು ಸಡಿಲಗೊಳ್ಳುತ್ತವೆ. ಆಗ ಗೋಡೆಗಳು ಅದುರಿದರೆ ಗೊರಕೆ, ಪೂರ್ತಿ ಅಂಟಿಕೊಂಡರೆ ಉಸಿರೇ ನಿಲ್ಲುತ್ತದೆ. ಮೂಗು ಕಟ್ಟಿದವರು ಬಾಯಿ ತೆರೆದು ಉಸಿರಾಡಿ ಇದನ್ನು ತಪ್ಪಿಸಿಕೊಳ್ಳಬಹುದೆಂದು ತೋರಬಹುದು, ಆದರೆ ಬಾಯಿ ತೆರೆದಾಗ ಕೆಳದವಡೆ ಹಿಂದಕ್ಕೆ ಜಾರಿ ನಾಲಿಗೆಯ ಬುಡ ಗಂಟಲಿನ ದಾರಿಯನ್ನು ಇನ್ನಷ್ಟು ಕಿರಿದು ಮಾಡುತ್ತದೆ. ನಿಮ್ಮ ಒಣಬಾಯಿ ಬಾಯುಸಿರಾಟದ ಗುರುತು. ಇತ್ತೀಚೆಗೆ ಬಾಯಿಗೆ ಟೇಪು ಅಂಟಿಸಿಕೊಂಡು ಮಲಗುವ ಹವ್ಯಾಸವೊಂದು ಮೊಬೈಲ್ ವಿಡಿಯೊಗಳ ಮೂಲಕ ಹರಡುತ್ತಿದೆ. ಮೂಗು ಕಟ್ಟಿರುವವರು ಅದನ್ನು ಖಂಡಿತ ಮಾಡಬಾರದು.

ಮೂಗಿನ ಅಡೆತಡೆಯೊಂದೇ ಕಾರಣವಾಗಿದ್ದರೆ ಲೆಕ್ಕ ಸುಲಭವಿತ್ತು. ಆದರೆ ಮೂಗು ಅಷ್ಟಾಗಿ ಕಟ್ಟದವರಲ್ಲಿಯೂ, ಗೊರಕೆಯಿಲ್ಲದವರಲ್ಲಿಯೂ ನಿದ್ರೆ ಕೆಟ್ಟಿರುವುದುಂಟು. ಉರಿಯೂತವಿರುವ ಪೊರೆಯಿಂದ ಬಿಡುಗಡೆಯಾಗುವ ಸೈಟೊಕೈನ್ ಎಂಬ ಸಂದೇಶವಾಹಕಗಳು ಇದಕ್ಕೆ ಒಂದು ಕಾರಣವಿರಬಹುದು. ಇವುಗಳಲ್ಲಿ ಇಂಟರ್‌ಲ್ಯೂಕಿನ್-1 ಮತ್ತು ಟಿಎನ್ಎಫ್ ಎಂಬವು ನಿದ್ರೆ ಎಚ್ಚರಗಳ ನಿಯಂತ್ರಣದಲ್ಲಿ ಮಿದುಳೇ ಬಳಸುವ ವಸ್ತುಗಳು ಎಂಬುದು ಪ್ರಾಣಿಗಳ ಮೇಲಿನ ಪ್ರಯೋಗಗಳಿಂದ ಸ್ಪಷ್ಟವಾಗಿದೆ. ಜ್ವರ ಬಂದಾಗ ಮಂಪರು ಕವಿದು, ಮಲಗಿದರೂ ದಣಿವು ಆರದಿರುವುದರಲ್ಲಿ ಇವುಗಳ ಪಾತ್ರವಿದೆ. ದೀರ್ಘಕಾಲದ ಸೈನುಸೈಟಿಸ್‌ನಲ್ಲಿ ಅಂಥದೇ ಸ್ಥಿತಿ ಸಣ್ಣ ಪ್ರಮಾಣದಲ್ಲಿ ವರ್ಷಗಟ್ಟಲೆ ನಡೆಯುತ್ತಿರುತ್ತದೆ ಎಂಬ ವಿವರಣೆ ನನಗೆ ಸಮಂಜಸವೆನಿಸುತ್ತದೆ, ಆದರೂ ಮೂಗಿನ ಅಡೆತಡೆಯಷ್ಟು ಗಟ್ಟಿಯಾಗಿ ಅದು ಇನ್ನೂ ಸಾಬೀತಾಗಿಲ್ಲ. ಇವುಗಳ ಮೇಲೆ ಗಂಟಲಿಗಿಳಿಯುವ ಕಫದಿಂದ ಬರುವ ಕೆಮ್ಮು, ಮುಖದ ಬಿಗಿತ, ಜೊತೆಯಲ್ಲಿ ಅಸ್ತಮಾ ಇದ್ದರೆ ನಸುಕಿನ ಉಬ್ಬಸ. ಇವೆಲ್ಲ ಸೇರಿ ಗಾಢ ನಿದ್ರೆಯನ್ನು ತುಂಡು ತುಂಡು ಮಾಡುತ್ತವೆ. ನಿದ್ರೆ ಕೆಟ್ಟವರಿಗೆ ನೋವು ಹೆಚ್ಚಾಗಿ ತಿಳಿಯುತ್ತದೆ, ಮನಸ್ಸು ಕುಗ್ಗುತ್ತದೆ, ಕುಗ್ಗಿದ ಮನಸ್ಸಿಗೆ ನಿದ್ರೆ ಇನ್ನೂ ದೂರವಾಗುತ್ತದೆ. ಸೈನಸ್ಸೋ ಮನಸ್ಸೋ ಎಂದು ನೀವು ಕೇಳಿದ್ದೀರಿ. ಬಹುಪಾಲು ರೋಗಿಗಳಲ್ಲಿ ಇವೆರಡನ್ನು ಬೇರೆ ಮಾಡಲಾಗುವುದಿಲ್ಲ, ಮಾಡಬೇಕಾದ ಅಗತ್ಯವೂ ಇಲ್ಲ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಚಿಂತೆಗೀಡು ಮಾಡಿದ್ದು ಡ್ರಾಪ್ಸ್. ಹೆಸರು ಬರೆದಿಲ್ಲವಾದರೂ ಹಾಕಿದ ಕೂಡಲೇ ಮೂಗು ಬಿಡಿಸುವ ಡ್ರಾಪ್ಸ್ ಎಂದರೆ ಸಾಮಾನ್ಯವಾಗಿ ಆಕ್ಸಿಮೆಟಜೋಲಿನ್ ಅಥವಾ ಕ್ಸೈಲೋಮೆಟಜೋಲಿನ್. ಸೀಸೆಯ ಮೇಲೆ ಈ ಹೆಸರಿದೆಯೇ ನೋಡಿ. ಊದಿದ ರಕ್ತನಾಳಗಳನ್ನು ಹಿಂಡಿ ಹತ್ತು ನಿಮಿಷದೊಳಗೆ ದಾರಿ ತೆರೆಯುವ ಔಷಧಿ ಇದು, ತೀವ್ರ ನೆಗಡಿಯಲ್ಲಿ ಮೂರರಿಂದ ಐದು ದಿನ ಬಳಸಲು ತಕ್ಕುದು. ಅದಕ್ಕಿಂತ ಹೆಚ್ಚು ದಿನ ಬಳಸಿದರೆ ಔಷಧಿಯ ಪ್ರಭಾವ ಇಳಿದಂತೆಲ್ಲ ನಾಳಗಳು ಮೊದಲಿಗಿಂತ ಹೆಚ್ಚು ಊದಿಕೊಳ್ಳುತ್ತವೆ, ಅದನ್ನು ಇಳಿಸಲು ಮತ್ತೆ ಡ್ರಾಪ್ಸ್ ಬೇಕಾಗುತ್ತದೆ. ಮಲಗುವಾಗ ಹಾಕಿದ ಡ್ರಾಪ್ಸ್‌ನ ಪ್ರಭಾವ ರಾತ್ರಿಯ ಉತ್ತರಾರ್ಧದಲ್ಲಿ ಇಳಿಯುವ ಹೊತ್ತಿಗೇ ನಿಮಗೆ ಎಚ್ಚರವಾಗುತ್ತಿದ್ದರೆ, ನಿಮ್ಮ ನಿದ್ರೆಯನ್ನು ಕೆಡಿಸುತ್ತಿರುವುದರಲ್ಲಿ ಈ ಸೀಸೆಯ ಪಾಲು ದೊಡ್ಡದು. ಇದನ್ನು ನಿಲ್ಲಿಸಲೇಬೇಕು. ಒಮ್ಮೆಗೇ ನಿಲ್ಲಿಸುವುದು ಕಷ್ಟವೆನಿಸಿದರೆ, ವೈದ್ಯರ ಸಲಹೆಯಂತೆ ಸ್ಟೀರಾಯ್ಡ್ ಸ್ಪ್ರೇ ಆರಂಭಿಸಿ, ಮೊದಲು ಒಂದು ಹೊಳ್ಳೆಗೆ ಮಾತ್ರ ಡ್ರಾಪ್ಸ್ ನಿಲ್ಲಿಸಿ, ಅದು ತೆರೆದುಕೊಂಡ ಮೇಲೆ ಇನ್ನೊಂದಕ್ಕೂ ನಿಲ್ಲಿಸುವ ಕ್ರಮವಿದೆ. ಮೊದಲ ಕೆಲವು ರಾತ್ರಿಗಳು ಕಷ್ಟವಾಗುತ್ತವೆ, ಶಾಲೆಗೆ ರಜೆ ಇರುವ ವಾರವನ್ನು ಇದಕ್ಕೆ ಆರಿಸಿಕೊಳ್ಳಿ.

ಸ್ಟೀರಾಯ್ಡ್ ಎಂಬ ಪದಕ್ಕೆ ಹೆದರಿ ಈ ಸ್ಪ್ರೇಯನ್ನು ದೂರವಿಡುವವರು ಬಹಳ. ಮೊಮೆಟಾಸೋನ್, ಫ್ಲೂಟಿಕಾಸೋನ್ ಮುಂತಾದವು ಮೂಗಿನೊಳಗೇ ಕೆಲಸ ಮಾಡುತ್ತವೆ, ರಕ್ತಕ್ಕೆ ಸೇರುವುದು ಅತ್ಯಲ್ಪ. ಇವು ಡ್ರಾಪ್ಸ್‌ನಂತೆ ಕೂಡಲೇ ಫಲ ಕೊಡುವುದಿಲ್ಲ, ಎರಡು ವಾರಗಳಲ್ಲಿ ಸುಧಾರಣೆ ಶುರುವಾದರೂ ಎಂಟರಿಂದ ಹನ್ನೆರಡು ವಾರ ಬಳಸದೆ ಫಲವನ್ನು ಅಳೆಯಲಾಗದು. ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ, ಮೂಗಿನ ನಡುಗೋಡೆಯ ಕಡೆಗಲ್ಲದೆ ಕಿವಿಯ ದಿಕ್ಕಿಗೆ ಸಿಂಪಡಿಸಬೇಕು. ತಲೆ ಸ್ವಲ್ಪ ಮುಂದಕ್ಕೆ ಬಾಗಿರಲಿ, ಜೋರಾಗಿ ಸೇದಬೇಡಿ. ನಡುಗೋಡೆಗೆ ಸಿಂಪಡಿಸಿ ರಕ್ತ ಬಂದಿತೆಂದು ಬಿಟ್ಟವರು ನನ್ನ ಬಳಿ ಬರುವವರಲ್ಲಿ ಅನೇಕರಿದ್ದಾರೆ. ಅಲರ್ಜಿಯಿಂದ ಮೂಗು ಕಟ್ಟಿದವರಲ್ಲಿ ಈ ಸ್ಪ್ರೇಗಳು ಮೂಗನ್ನು ತೆರೆಯುವುದಲ್ಲದೆ ನಿದ್ರೆಯನ್ನೂ ಹಗಲಿನ ತೂಕಡಿಕೆಯನ್ನೂ ಸುಧಾರಿಸುತ್ತವೆ ಎಂದು ಪ್ರಯೋಗಗಳಲ್ಲಿ ಕಂಡುಬಂದಿದೆ.

ಸ್ಪ್ರೇಗೆ ಮುನ್ನ ಉಪ್ಪುನೀರಿನಿಂದ ಮೂಗು ತೊಳೆಯುವುದು ನಾನು ಎಲ್ಲರಿಗೂ ಹೇಳುವ ಮಾತು. ಯೋಗಾಭ್ಯಾಸ ಮಾಡುವವರ ಜಲನೇತಿಯೂ ಇದೇ ತತ್ವದ್ದು. 240 ಮಿ.ಲೀ. ಉಗುರುಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಉಪ್ಪು, ಉರಿಯಾದರೆ ಒಂದು ಚಿಟಿಕೆ ಅಡುಗೆ ಸೋಡಾ. ಮಲಗುವ ವೇಳೆಗೆ ಒಂದು ಗಂಟೆ ಮೊದಲು ತೊಳೆದರೆ ಒಳಗುಳಿದ ನೀರು ಹಾಸಿಗೆಯಲ್ಲಿ ಗಂಟಲಿಗಿಳಿಯುವ ಕಿರಿಕಿರಿ ಇರುವುದಿಲ್ಲ. ನೀರನ್ನು ಕುದಿಸಿ ಆರಿಸಿಯೇ ಬಳಸಬೇಕು. ನಲ್ಲಿ ನೀರು, ಬಾವಿ ನೀರು ಬೇಡ, ಮನೆಯ ಫಿಲ್ಟರ್ ನೀರನ್ನೂ ಕುದಿಸದೆ ಬಳಸಬೇಡಿ. ಕುಡಿದರೆ ಏನೂ ಮಾಡದ ಅಮೀಬಾ ಜಾತಿಗಳು ಮೂಗಿನ ಮೂಲಕ ಮಿದುಳಿಗೆ ಸೇರಿದರೆ ಪ್ರಾಣಾಪಾಯವಾಗುತ್ತದೆ. ಪಕ್ಕದ ಕೇರಳದಲ್ಲಿ 2024 ಮತ್ತು 2025ರಲ್ಲಿ ಅಮೀಬಾ ಮಿದುಳಿನ ಉರಿಯೂತದ ಪ್ರಕರಣಗಳು ಸರಣಿಯಾಗಿ ವರದಿಯಾದದ್ದು ನಿಮಗೆ ನೆನಪಿರಬಹುದು.

ಹಬೆ ಮತ್ತು ವಿಕ್ಸ್ ಬಗ್ಗೆ ನೀವು ಕೇಳಿಲ್ಲವಾದರೂ ಹಾಸಿಗೆಯ ಪಕ್ಕದಲ್ಲಿ ಅವು ಇರುತ್ತವೆಂದು ಊಹಿಸುತ್ತೇನೆ. ಮೆಂಥಾಲ್ ಮೂಗಿನ ತಂಪನ್ನು ಗ್ರಹಿಸುವ ನರಗಳನ್ನು ಪ್ರಚೋದಿಸಿ ಗಾಳಿ ಚೆನ್ನಾಗಿ ಆಡುತ್ತಿದೆ ಎಂಬ ಭಾವನೆ ಕೊಡುತ್ತದೆ, ಅಡೆತಡೆ ಮಾತ್ರ ಇದ್ದಷ್ಟೇ ಇರುತ್ತದೆ. ಆ ಭಾವನೆಯಿಂದ ನಿದ್ರೆ ಹತ್ತುವುದಾದರೆ ನನ್ನ ಆಕ್ಷೇಪವಿಲ್ಲ. ತಲೆಯ ಕಡೆ ಮಂಚವನ್ನು ಸ್ವಲ್ಪ ಎತ್ತರಿಸುವುದು ಹೆಚ್ಚು ಉಪಯುಕ್ತ. ರಾತ್ರಿ ಮದ್ಯಪಾನ ಮೂಗಿನ ಊತವನ್ನೂ ಗಂಟಲಿನ ಸಡಿಲಿಕೆಯನ್ನೂ ಒಟ್ಟಿಗೆ ಹೆಚ್ಚಿಸುತ್ತದೆ. ಹಳೆಯ ಹತ್ತಿ ಹಾಸಿಗೆ ದಿಂಬುಗಳಲ್ಲಿ ಧೂಳಿನ ನುಸಿಗಳು ಸೇರಿಕೊಂಡಿರುತ್ತವೆ. ಮಲಗಿದ ಕೂಡಲೇ ಸೀನು, ಮೂಗಿನ ತುರಿಕೆ ಶುರುವಾಗುತ್ತಿದ್ದರೆ ಅಲರ್ಜಿ ಪರೀಕ್ಷೆ ಮಾಡಿಸಿ, ದಿಂಬಿನ ಹೊದಿಕೆಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಿಸಿ.

ನಿದ್ರೆಗೆಡಿಸುವ ಔಷಧಿಗಳೂ ಇವೆ. ಪಾಲಿಪ್‌ಗೆಂದು (ಮೂಗಿನ ಪೊರೆಯಿಂದ ಬೆಳೆಯುವ ಮೆತ್ತನೆಯ ಗಂಟು) ಕೆಲವೊಮ್ಮೆ ಕೊಡುವ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಗುಳಿಗೆಯನ್ನು ಬೆಳಗಿನ ತಿಂಡಿಯ ನಂತರವೇ ತೆಗೆದುಕೊಳ್ಳಬೇಕು, ಸಂಜೆ ತೆಗೆದುಕೊಂಡರೆ ಕಣ್ಣು ಮುಚ್ಚುವುದಿಲ್ಲ. ಅಲರ್ಜಿಗೆ ಕೊಡುವ ಮಾಂಟೆಲುಕಾಸ್ಟ್‌ನಿಂದ ಕೆಲವರಿಗೆ ಕೆಟ್ಟ ಕನಸು, ಕಳವಳ ಉಂಟಾಗುವುದರಿಂದ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಅದರ ಮೇಲೆ ಅತ್ಯಂತ ಗಂಭೀರ ದರ್ಜೆಯ ಎಚ್ಚರಿಕೆ ಹಾಕಿಸಿತು. ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ನೆಗಡಿ ಮಾತ್ರೆಗಳಲ್ಲಿರುವ ಕ್ಲೋರ್‌ಫೆನಿರಮೈನ್ ಮಂಪರು ತರುತ್ತದೆ, ಆದರೆ ಅದು ವಿಶ್ರಾಂತಿ ಕೊಡುವ ನಿದ್ರೆಯಲ್ಲ, ಲೋಳೆಯನ್ನೂ ಒಣಗಿಸಿ ಗಟ್ಟಿ ಮಾಡುತ್ತದೆ.

ಇನ್ನು ಗೊರಕೆ. ಗೊರಕೆಯ ನಡುವೆ ಉಸಿರು ನಿಂತು, ಗುಟುಕರಿಸಿದ ಹಾಗೆ ಸದ್ದಾಗಿ ಮತ್ತೆ ಶುರುವಾಗುತ್ತದೆಯೇ ಎಂದು ಮನೆಯವರನ್ನು ಕೇಳಿ. ಬೇಕಿದ್ದರೆ ಅವರು ಮೊಬೈಲ್‌ನಲ್ಲಿ ಐದು ನಿಮಿಷ ಚಿತ್ರೀಕರಿಸಲಿ, ವೈದ್ಯರಿಗೆ ಅದು ಬಹಳ ಉಪಯುಕ್ತ. ಬಿ.ಪಿ. ಹೆಚ್ಚಿದ್ದರೆ, ತೂಕ ಹೆಚ್ಚಿದ್ದರೆ, ಕತ್ತಿನ ಸುತ್ತಳತೆ 40 ಸೆಂ.ಮೀ. ದಾಟಿದ್ದರೆ ಸ್ಲೀಪ್ ಆಪ್ನಿಯಾ, ಅಂದರೆ ನಿದ್ರೆಯಲ್ಲಿ ಮತ್ತೆ ಮತ್ತೆ ಉಸಿರು ನಿಲ್ಲುವ ತೊಂದರೆ, ಇರುವ ಸಂಭವ ಹೆಚ್ಚು. ಸೈನುಸೈಟಿಸ್ ಇರುವವರಲ್ಲಿ ಅದು ಉಳಿದವರಿಗಿಂತ ಹೆಚ್ಚಾಗಿ ಕಂಡುಬರುತ್ತದೆ, ಬೆಳಗಿನ ತಲೆಭಾರ, ಒಣಬಾಯಿ, ಮಧ್ಯಾಹ್ನದ ತೂಕಡಿಕೆ ಎರಡಕ್ಕೂ ಹೊಂದುವ ಲಕ್ಷಣಗಳಾದ್ದರಿಂದ ಒಂದರ ಮರೆಯಲ್ಲಿ ಇನ್ನೊಂದು ತಪ್ಪಿಹೋಗುತ್ತದೆ. ಮೆಲ್ಬರ್ನ್‌ನಲ್ಲಿ 1991ರಲ್ಲಿ ರೂಪುಗೊಂಡ ಎಪ್‌ವರ್ತ್ ಮಾಪನದಲ್ಲಿ ಓದುತ್ತಾ ಕುಳಿತಾಗ, ಬಸ್ಸಿನಲ್ಲಿ ಕುಳಿತಾಗ ಎಂಬಂತಹ ಎಂಟು ಸಂದರ್ಭಗಳಲ್ಲಿ ತೂಕಡಿಸುವ ಸಾಧ್ಯತೆಗೆ ಅಂಕ ಕೊಟ್ಟುಕೊಳ್ಳಬೇಕು. 24ರಲ್ಲಿ 10ಕ್ಕಿಂತ ಹೆಚ್ಚು ಬಂದರೆ ನಿದ್ರಾ ಪರೀಕ್ಷೆ ಮಾಡಿಸುವುದು ಒಳಿತು. ಈ ಪರೀಕ್ಷೆಯಲ್ಲಿ ಗಂಟೆಗೆ ಎಷ್ಟು ಬಾರಿ ಉಸಿರು ನಿಲ್ಲುತ್ತದೆ ಅಥವಾ ಕುಗ್ಗುತ್ತದೆ ಎಂದು ಎಣಿಸುತ್ತಾರೆ: 5ರಿಂದ 15 ಸೌಮ್ಯ, 15ರಿಂದ 30 ಮಧ್ಯಮ, ಅದಕ್ಕೆ ಮೇಲ್ಪಟ್ಟದ್ದು ತೀವ್ರ.

ಆಪರೇಷನ್ ಬಗೆಗಿನ ನಿಮ್ಮ ಪ್ರಶ್ನೆಗೆ ಉತ್ತರ ಈ ಪರೀಕ್ಷೆಯ ಫಲಿತಾಂಶದ ಮೇಲೆ ನಿಂತಿದೆ. ಸರಿಯಾದ ಔಷಧೋಪಚಾರವನ್ನು ಎರಡು ಮೂರು ತಿಂಗಳು ನಿಷ್ಠೆಯಿಂದ ಮಾಡಿಯೂ ತೊಂದರೆ ಉಳಿದವರಿಗೆ ಎಂಡೋಸ್ಕೋಪ್ ಮೂಲಕ ಮಾಡುವ ಸೈನಸ್ ಶಸ್ತ್ರಚಿಕಿತ್ಸೆಯಿಂದ ಮೂಗು ತೆರೆಯುವುದಲ್ಲದೆ, ನಿದ್ರೆಯ ಗುಣಮಟ್ಟವೂ ಸುಧಾರಿಸುತ್ತದೆ ಎಂಬುದಕ್ಕೆ ಸಾಕಷ್ಟು ಆಧಾರಗಳಿವೆ. ಆದರೆ ಸ್ಲೀಪ್ ಆಪ್ನಿಯಾ ಇದ್ದರೆ ಬರಿಯ ಮೂಗಿನ ಶಸ್ತ್ರಚಿಕಿತ್ಸೆಯಿಂದ ಅದು ಗುಣವಾಗುವುದಿಲ್ಲ. ಉಸಿರು ನಿಲ್ಲುವ ಎಣಿಕೆ ಬಹುಮಟ್ಟಿಗೆ ಇದ್ದಂತೆಯೇ ಇರುತ್ತದೆ, ಗೊರಕೆ ಮತ್ತು ಹಗಲಿನ ತೂಕಡಿಕೆ ತಗ್ಗುತ್ತವೆ, ಗಾಳಿಯೊತ್ತಡದ ಸಿಪ್ಯಾಪ್ ಯಂತ್ರವನ್ನು ಕಡಿಮೆ ಒತ್ತಡದಲ್ಲಿ, ಕಡಿಮೆ ಕಿರಿಕಿರಿಯಿಂದ ಬಳಸಲು ಸಾಧ್ಯವಾಗುತ್ತದೆ. ಇದು ಸಣ್ಣ ಲಾಭವಲ್ಲ, ಆದರೆ ಪೂರ್ತಿ ಗುಣವಾಗುತ್ತದೆಂದು ಖರ್ಚು ಮಾಡಿದವರಿಗೆ ನಿರಾಸೆ ತರುವ ಲಾಭ. ನಿಮ್ಮ ವಿಷಯದಲ್ಲಿ ಡ್ರಾಪ್ಸ್ ನಿಲ್ಲಿಸಿ, ಸ್ಪ್ರೇ ಮತ್ತು ಮೂಗು ತೊಳೆಯುವುದನ್ನು ಮೂರು ತಿಂಗಳು ನಡೆಸಿ, ನಿದ್ರಾ ಪರೀಕ್ಷೆ ಮುಗಿಸುವವರೆಗೆ ಶಸ್ತ್ರಚಿಕಿತ್ಸೆಯ ತೀರ್ಮಾನ ಬೇಡ ಎಂಬುದು ನನ್ನ ಅಭಿಪ್ರಾಯ. ಎಂಡೋಸ್ಕೋಪಿಯಲ್ಲಿ ದೊಡ್ಡ ಪಾಲಿಪ್‌ಗಳು ಕಂಡರೆ ಮಾತ್ರ ಈ ಲೆಕ್ಕ ಬದಲಾಗುತ್ತದೆ.

ನಿದ್ರೆ ಮಾತ್ರೆ ಈಗ ಬೇಡ. ಆಲ್ಪ್ರಜೋಲಾಮ್‌ನಂತಹ ಗುಳಿಗೆಗಳು ಗಂಟಲಿನ ಸ್ನಾಯುಗಳನ್ನು ಇನ್ನಷ್ಟು ಸಡಿಲಿಸುತ್ತವೆ. ಉಸಿರು ನಿಂತಾಗ ಎಚ್ಚರಿಸುವ ಮಿದುಳಿನ ಪ್ರತಿಕ್ರಿಯೆಯನ್ನೂ ಅವು ಮಂದ ಮಾಡುತ್ತವೆ. ಆಪ್ನಿಯಾ ಇಲ್ಲವೆಂದು ಖಚಿತವಾದ ಮೇಲೂ ನಿದ್ರೆ ಬಾರದಿದ್ದರೆ ಆಗ ಮನೋವೈದ್ಯರೊಡನೆ ಆ ವಿಷಯ ಮಾತನಾಡಬಹುದು. ಅಷ್ಟರವರೆಗೆ ದ್ವಿಚಕ್ರ ವಾಹನದಲ್ಲಿ ದೂರ ಪ್ರಯಾಣ ಮಾಡುವುದನ್ನು ಕಡಿಮೆ ಮಾಡಿ.

ಮೇಲೆ ಹೇಳಿದ ಯಾವುದಕ್ಕೂ ಕಾಯದೆ ತಕ್ಷಣ ವೈದ್ಯರಿಗೆ ತೋರಿಸಬೇಕಾದ ಲಕ್ಷಣಗಳೂ ಇವೆ. ಕಣ್ಣಿನ ಸುತ್ತ ಊತ, ಎರಡೆರಡಾಗಿ ಕಾಣುವುದು, ದೃಷ್ಟಿ ಮಂದವಾಗುವುದು, ಜ್ವರದೊಂದಿಗೆ ತಡೆಯಲಾರದ ತಲೆನೋವು ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಒಂದೇ ಹೊಳ್ಳೆ ಸದಾ ಕಟ್ಟಿರುವುದು ಅಥವಾ ಒಂದೇ ಕಡೆಯಿಂದ ರಕ್ತ ಇಲ್ಲವೆ ದುರ್ವಾಸನೆಯ ಕೀವು ಬರುವುದು ಸಾಮಾನ್ಯ ಸೈನುಸೈಟಿಸ್‌ನ ರೀತಿಯಲ್ಲ. ಮೇಲಿನ ದವಡೆಯ ಹಲ್ಲಿನ ಸೋಂಕಿನಿಂದ ಹಿಡಿದು ಗಡ್ಡೆಯವರೆಗೆ ಅದಕ್ಕೆ ಬೇರೆ ಕಾರಣಗಳಿರುತ್ತವೆ, ಅಂಥವರು ಎಂಡೋಸ್ಕೋಪಿಯನ್ನು ಮುಂದೂಡಬಾರದು.